ಅಕ್ಕಡಿ ಸಾಲಿಲ್ಲದ ರಾಗಿ

ನಮ್ಮ ಪಕ್ಕದ ಹೊಲದವರು ಬೆಳಗಿನ ಬಸ್ಸು ಹಿಡಿದು ನಂದಗುಡಿಯಿಂದ ಬೆಂಗಳೂರಿಗೆ ಹೋಗುತ್ತಿದ್ದರು. ವಿಧಾನಸಭೆಯ ಸಚಿವಾಲಯದಲ್ಲಿ ಕೂತು, ಸರ್ಕಾರದ ಯಾವ ಯೋಜನೆಗೆ ಎಷ್ಟು ಖರ್ಚಾದೀತು ಎಂದು ಟಿಪ್ಪಣಿ ಬರೆಯುವುದು ಅವರ ಕೆಲಸ. ಆಳುವವರಿಗೂ ವಿರೋಧ ಪಕ್ಷದವರಿಗೂ ಹೋಗುವುದು ಅದೇ ಟಿಪ್ಪಣಿ. ಯಾವ ಪಕ್ಷದವರು ಕಾರು ನಿಲ್ಲಿಸಿ ಕರೆದರೂ ಹತ್ತುತ್ತಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತಾ ಬಸ್ಸಿಗೇ ಕಾಯುತ್ತಿದ್ದರು. ಕಚೇರಿಯ ವಿಷಯ ಕೇಳಿದರೆ, "ಅದನ್ನ ನಾನು ಹೇಳೋ ಹಾಗಿಲ್ಲಪ್ಪ" ಎನ್ನುತ್ತಿದ್ದರು. ಬೇಸಾಯದ ಮಾತು ಎತ್ತಿದರೆ ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ.

ನಮ್ಮ ಕಡೆಯ ಜಮೀನೆಲ್ಲ ಯಾವುದೋ ಯೋಜನೆಗೆ ಹೋಗುತ್ತದಂತೆ ಎಂಬ ಸುದ್ದಿ ಹಬ್ಬಿದ ವರ್ಷ ಊರಿಗೆ ಊರೇ ಹೆದರಿ ಕೂತಿತ್ತು. ಅವರನ್ನು ಕೇಳಿ ಪ್ರಯೋಜನವಿರಲಿಲ್ಲ. ಹಾಗಾಗಿ ಎಲ್ಲರೂ ಅವರ ಹೊಲ ನೋಡತೊಡಗಿದೆವು. ಅವರು ರಾಗಿ ಬಿತ್ತಿದರು.

"ಆಫೀಸಿನೋರೇ ಬಿತ್ತವ್ರೆ ಅಂದ್ಮೇಲೆ ಏನೂ ಆಗಲ್ಲ ಬಿಡು" ಎಂದಳು ಅಮ್ಮ. ನಾವೂ ಬಿತ್ತಿದೆವು.

ಪೈರು ಗೇಣುದ್ದ ಬಂದಾಗ ಒಂದು ದಿನ ಕಳೆ ಕೀಳುತ್ತಾ ಅವರ ಹೊಲದ ಕಡೆ ತಿರುಗಿದೆ. ರಾಗಿಯ ನಡುನಡುವೆ ನಾವೆಲ್ಲ ಅವರೆಯ ಅಕ್ಕಡಿ ಸಾಲು ಹಾಕುತ್ತೇವೆ. ರಾಗಿ ಕೊಯ್ದ ಮೇಲೂ ಅವರೆ ಚಳಿ ಮುಗಿಯುವವರೆಗೆ ಹೊಲದಲ್ಲೇ ಇರುತ್ತದೆ. ಆ ಹೊಲದಲ್ಲಿ ಒಂದು ಸಾಲೂ ಇರಲಿಲ್ಲ. ಕಿತ್ತ ಕಳೆ ಅಲ್ಲೇ ಬಿಟ್ಟು ಆ ಕಡೆ ನಡೆದೆ.

ಅವರು ಬದುವಿನ ಮೇಲೆ ನಿಂತಿದ್ದರು. "ಯಾಕಣ್ಣ, ಈ ಸಲ ಅವರೆ ಹಾಕ್ಲಿಲ್ವಾ?" ಎಂದು ಕೇಳಿದೆ.

ನನ್ನ ಮುಖ ನೋಡಲಿಲ್ಲ. ಕನ್ನಡಕ ತೆಗೆದರು. ಅಂಗಿಯ ತುದಿಗೆ ಒರೆಸತೊಡಗಿದರು.

"ಅದನ್ನ ನಾನು ಹೇಳೋ ಹಾಗಿಲ್ಲಪ್ಪ."