ಹೆಸರಿನ ಮೇಲೊಂದು ಬಟ್ಟೆಪಟ್ಟಿ

ಕಾಸರಗೋಡಿನ ಹತ್ತಿರ ನಮ್ಮ ಮೊಗ್ರಾಲಿನಲ್ಲಿ ಹೊಸ ಹೆದ್ದಾರಿಯ ಬದಿಯ ಇಳಿಜಾರಿಗೆ ಹುಲ್ಲು ಹಾಸಿದ್ದಾರೆ. ಮೊನ್ನೆ ನಾನು ಬಸ್ಸಿಗೆ ಕಾಯುತ್ತಿದ್ದಾಗ ಕೆಲಸದವರು ಅದಕ್ಕೆ ನೀರು ಬಿಟ್ಟು, ಯಂತ್ರದಿಂದ ಸಮನಾಗಿ ಕತ್ತರಿಸುತ್ತಿದ್ದರು. ಕತ್ತರಿಸಿದ ಹಸಿ ಹುಲ್ಲಿನ ವಾಸನೆ ಮೂಗಿಗೆ ಬಂದದ್ದೇ ತಡ, ಪಕ್ಕದಂಗಡಿಯ ಅಣ್ಣ ಕಣ್ಣ ಮುಂದೆ ನಿಂತರು. ಬಸ್ಸು ಬಂತು, ಹೋಯಿತು. ನಾನು ನಿಂತಲ್ಲೇ ಇದ್ದೆ.

ರಸ್ತೆ ಅಗಲವಾಗುವ ಮೊದಲು ನನ್ನ ಟೈಲರಿಂಗ್ ಅಂಗಡಿಯೂ ಅವರ ಶರಬತ್ತಿನ ಅಂಗಡಿಯೂ ಒಂದೇ ಗೋಡೆಯ ಆಚೀಚೆ ಇದ್ದವು. ಅವರು ಪ್ರಾಯದಲ್ಲೆಲ್ಲ ಗಲ್ಫ್‌ನಲ್ಲಿ ರೇಸಿನ ಕುದುರೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಕುದುರೆ ಒದ್ದ ಮೊಣಕಾಲು ಮತ್ತು ಒಂದು ಫೋಟೋ, ಊರಿಗೆ ತಂದದ್ದು ಇವೆರಡೇ ಎಂದು ಅವರ ಹೆಂಡತಿ ಛೇಡಿಸುವುದಿತ್ತು. ಆ ಫೋಟೋ ಅಂಗಡಿಯ ಬಾಳೆಗೊನೆಗಳ ಹಿಂದೆ ತೂಗಾಡುತ್ತಿತ್ತು. ಕಂದು ಬಣ್ಣದ ಹೆಣ್ಣು ಕುದುರೆ, ಅದರ ಹಗ್ಗ ಹಿಡಿದು ನಿಂತ ಅಣ್ಣ, ಕೆಳಗೆ ಇಂಗ್ಲಿಷಿನಲ್ಲಿ ಕುದುರೆಯ ಉದ್ದದ ಅರಬ್ಬಿ ಹೆಸರು. ಹಣೆಯ ಮೇಲೆ ಮೊಗ್ಗಿನಂಥ ಬಿಳಿ ಮಚ್ಚೆ ಇದ್ದುದರಿಂದ ಅಣ್ಣ ಅವಳನ್ನು ಮಲ್ಲಿಗೆ ಎನ್ನುತ್ತಿದ್ದರು. ಮರಿಯಿಂದಲೇ ಮೈ ತೊಳೆದು, ಮೇವು ಕೊಟ್ಟು ಸಾಕಿದ್ದರಂತೆ.

"ಅವಳು ಈಗ ಓಟ ಬಿಟ್ಟಿರಬಹುದು. ಎಲ್ಲಿಯಾದರೂ ಹುಲ್ಲು ತಿಂದುಕೊಂಡು ಹಾಯಾಗಿ ಇರಬಹುದು," ಎಂದು ಫೋಟೋ ನೋಡಿ ಆಗಾಗ ಹೇಳುವರು. ನಾನು ಹೂಂ ಎನ್ನುತ್ತಿದ್ದೆ. ನನಗೇನು ಗೊತ್ತು, ಕುದುರೆಯನ್ನು ನಾನು ನೋಡಿದ್ದು ಅದೇ ಫೋಟೋದಲ್ಲಿ!

ಚಳಿಗಾಲದ ಸಂಜೆಗಳಲ್ಲಿ ಗಲ್ಫ್‌ನ ಆ ಊರಿನ ರೇಸು ಅವರ ಮೊಬೈಲಿನಲ್ಲಿ ಬರುತ್ತಿತ್ತು. ರೇಸಿನ ದಿನ ಮಧ್ಯಾಹ್ನವೇ ಕಂಪ್ಯೂಟರ್ ಅಂಗಡಿಯಲ್ಲಿ ಓಡುವ ಕುದುರೆಗಳ ವಿವರದ ಹಾಳೆ ತೆಗೆಸಿ, ಮಡಚಿದ್ದನ್ನು ಬಿಡಿಸದೆ ನನ್ನ ಮೇಜಿನ ಮೇಲೆ ಇಡುವರು. ಹೆಸರುಗಳಿರುವ ಅಂಕಣದ ಮೇಲೆ ಉದ್ದಕ್ಕೆ ಲೈನಿಂಗ್ ಬಟ್ಟೆಯ ಪಟ್ಟಿಯೊಂದನ್ನು ಇಟ್ಟು ಗುಂಡುಸೂಜಿ ಚುಚ್ಚಿ ಕೊಡುವುದು ನನ್ನ ಕೆಲಸ. ಇದು ಯಾವ ಹುಚ್ಚು ಎಂದು ಮೊದಲ ಸಲವೇ ಕೇಳಿದ್ದೆ.

"ಹೆಸರು ಕಂಡರೆ ಕಣ್ಣು ಕೆಡ್ತದೆ ಮಾರಾಯ್ತಿ. ನಮಗೆ ಬೇಕಾದವರು ಅಂತ ಆದ ಮೇಲೆ ಸರಿಯಾಗಿ ತೂಗಿ ನೋಡ್ಲಿಕ್ಕೆ ಆಗುವುದಿಲ್ಲ," ಎಂದಿದ್ದರು.

ಆಮೇಲೆ ಕನ್ನಡಕ ಏರಿಸಿ ಕೂರುವರು. ಪ್ರಾಯ ಎಷ್ಟು, ಬೆನ್ನ ಮೇಲೆ ಹೊರಿಸಿದ ಭಾರ ಎಷ್ಟು, ಹೊರಡುವ ಗೇಟು ಯಾವುದು, ಹಿಂದಿನ ಓಟಗಳಲ್ಲಿ ಎಲ್ಲಿ ಸೋತಿತು... ಹುಲ್ಲಿನ ಮೇಲೆ ಸಾವಿರದ ಇನ್ನೂರು ಮೀಟರಿನ ನೇರ ಓಟವೆಂದರೆ ಅವರಿಗೆ ಪ್ರಾಣ. ದೂರದ ಓಟದಲ್ಲಿ ಹಿಂದೆ ಬಿದ್ದರೆ ಸುಧಾರಿಸಿಕೊಳ್ಳಲು ಸಮಯವಿದೆ, ಇದರಲ್ಲಿ ಇಲ್ಲ. ಹುಲ್ಲು ಮೆತ್ತಗಿದ್ದರೆ ಒಂದು ಲೆಕ್ಕ, ಗಟ್ಟಿಯಿದ್ದರೆ ಇನ್ನೊಂದು. ಅದೇ ಚಟದಲ್ಲಿ ನಮ್ಮೂರ ಫುಟ್‌ಬಾಲ್ ಮೈದಾನಕ್ಕೆ ಹೋದರೂ ಕೊಡೆಯ ತುದಿಯನ್ನು ಹುಲ್ಲಿಗೆ ಚುಚ್ಚಿ ನೋಡುತ್ತಿದ್ದರು.

ಜೂಜಿಗೆ ಒಂದು ಪೈಸೆ ಕಟ್ಟಿದವರಲ್ಲ. ಆದರೂ ಊರಿನವರು ಅವರ ಹೆಸರಿಗೆ "ಜುಗಾರಿ" ಎಂದು ಸೇರಿಸಿಯೇ ಕರೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ. "ಜುಗಾರಿಯವನಿಗೆ ಗೆದ್ದರೆ ಸಾಕು. ನನಗೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗಬೇಕು," ಎನ್ನುವರು. ಓಟ ಮುಗಿದ ಮೇಲೆ ಅದನ್ನೇ ಮತ್ತೆ ಮತ್ತೆ ಹಾಕಿ ನೋಡಿ, ತನ್ನ ತಪ್ಪು ಸಿಕ್ಕಿದ ನಂತರವೇ ಅವರಿಗೆ ಚಹಾ.

ಒಂದು ಶನಿವಾರ ನಾನು ಎಂದಿನಂತೆ ಹಾಳೆ ಬಿಡಿಸಿ ಪಟ್ಟಿ ಇಡುತ್ತಿದ್ದೆ. ಒಂದು ಹೆಸರಿನ ಮೇಲೆ ಕೈ ನಿಂತಿತು. ಗೋಡೆಯಾಚೆ ಫೋಟೋದ ಕೆಳಗಿದ್ದ ಅದೇ ಹೆಸರು... ಮಲ್ಲಿಗೆ ಇನ್ನೂ ಓಡುತ್ತಿದ್ದಾಳೆ. ಹೇಳಬೇಕೆಂದು ಬಾಯಿಯವರೆಗೆ ಬಂತು. ಆದರೆ ಹೇಳಿದರೆ ಪಟ್ಟಿ ಹಾಕಿ ಏನು ಪ್ರಯೋಜನ? ಆ ಜಾಗಕ್ಕೆ ಒಂದು ಸೂಜಿ ಹೆಚ್ಚೇ ಚುಚ್ಚಿ ಕೊಟ್ಟೆ.

ಅವರು ಒಂದೊಂದೇ ಸಾಲು ನೋಡುತ್ತ ಆ ಸಾಲಿಗೆ ಬಂದರು.

"ಇದು ಆಗುವುದಿಲ್ಲ. ಪ್ರಾಯ ಆಯ್ತು. ಗೇಟು ಬೇಲಿಯ ಬದಿಯದ್ದು, ಅಲ್ಲಿಯ ಹುಲ್ಲು ಮೊದಲಿನ ಓಟಗಳಿಗೇ ಕಿತ್ತು ಹೋಗಿರ್ತದೆ. ಭಾರ ಎಲ್ಲರಿಗಿಂತ ಕಡಿಮೆ ಉಂಟು."

"ಭಾರ ಕಡಿಮೆ ಆದರೆ ಒಳ್ಳೆಯದಲ್ಲವಾ ಅಣ್ಣ?" ಎಂದು ಕೇಳಿಯೇ ಬಿಟ್ಟೆ.

"ಗೆಲ್ಲುವ ಕುದುರೆಗೆ ಭಾರ ಹೊರಿಸ್ತಾರೆ. ಹೊರಿಸಲಿಲ್ಲ ಅಂದರೆ ಅದರ ಮೇಲೆ ಯಾರಿಗೂ ಆಸೆ ಇಲ್ಲ ಅಂತ. ಇದಕ್ಕೆ ಓಡುವ ಮನಸ್ಸೂ ಇಲ್ಲ. ಕಟ್ಟಕಡೆಗೆ ಬರ್ತದೆ ನೋಡು."

ಬಟ್ಟೆಗೆ ಗೆರೆ ಹಾಕುವ ನನ್ನ ನೀಲಿ ಸೀಮೆಸುಣ್ಣದಿಂದ ಆ ಸಾಲಿಗೆ ಅಡ್ಡ ಗೀಟು ಎಳೆದರು. ಹೊರಬದಿಯ ಗೇಟು ಸಿಕ್ಕಿ ಹೊಸ ಹುಲ್ಲಿನ ಮೇಲೆ ಓಡುವ, ಹಾಳೆಯ ಎರಡನೇ ನಂಬ್ರದ ಕುದುರೆಗೆ ಗೆಲುವೆಂದು ಗುರುತು ಹಾಕಿದರು. ಆಮೇಲೆ ಸೂಜಿಗಳನ್ನು ಕಳಚಿ ಪಟ್ಟಿ ತೆಗೆದರು.

ಅವರ ಮುಖವನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಅವರ ಬೆರಳು ಆ ಹೆಸರಿನ ಮೇಲೆಯೇ ಇತ್ತು. ಹೊರಗೆ ಕಾಸರಗೋಡಿನ ಬಸ್ಸು ಹಾರ್ನ್ ಹಾಕುತ್ತಿತ್ತು.

"ಆ ಗೀಟು ಅಳಿಸಿ ಅಣ್ಣ," ಎಂದೆ.

"ಬೇಡ. ಹೆಸರು ಕಂಡ ಮೇಲೆ ಅಳಿಸಿದರೆ ಅದು ಅಂದಾಜು ಅಲ್ಲ, ಆಸೆ." ಕಳಚಿದ ಸೂಜಿಗಳನ್ನು ನನ್ನ ಕಡೆ ಸರಿಸುತ್ತ ಮೆಲ್ಲಗೆ ಕೇಳಿದರು, "ಈ ಪ್ರಾಯದಲ್ಲಿ ಅವಳನ್ನು ಯಾಕೆ ಓಡಿಸ್ತಾರೆ?"

ಓಟ ಒಂದು ನಿಮಿಷಕ್ಕೆ ತುಸು ಹೆಚ್ಚು, ಅಷ್ಟೇ. ಗೇಟು ತೆರೆದದ್ದೇ ಬೇಲಿಯ ಬದಿಯಿಂದ ಮಲ್ಲಿಗೆ ಎಲ್ಲರ ಮುಂದೆ ಬಂದಳು. ನಾನು ಎದ್ದು ನಿಂತು ಕಿರುಚಿದೆ. ಅಣ್ಣ ಕಿರುಚಲಿಲ್ಲ, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮುಕ್ಕಾಲು ದೂರದವರೆಗೆ ಅವಳೇ ಮುಂದು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಎರಡನೇ ನಂಬ್ರ ಗೆದ್ದಿತು. ಮಲ್ಲಿಗೆ ಕಟ್ಟಕಡೆಗೆ ಬಂದಳು. ಅಣ್ಣ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅವರ ಲೆಕ್ಕ ಸುಳ್ಳಾಗಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ.

ಕ್ಯಾಮೆರಾ ಗೆದ್ದ ಕುದುರೆಯ ಹಿಂದೆ ಹೋಯಿತು. ಅಣ್ಣ ಅದನ್ನೇ ಹಿಂದಕ್ಕೆ ತಂದು ತಂದು ನೋಡಿದರು. ಒಂದು ಕಡೆ, ಪರದೆಯ ಮೂಲೆಯಲ್ಲಿ, ಮಲ್ಲಿಗೆ ನಡೆದು ಹೋಗುವುದು ಕ್ಷಣ ಮಾತ್ರ ಕಾಣುತ್ತಿತ್ತು. ಅಲ್ಲಿ ನಿಲ್ಲಿಸಿದರು.

"ಕುಂಟುವುದಿಲ್ಲ. ಕಾಲು ಸರಿ ಉಂಟು. ನೋಡು, ನೀನೇ ನೋಡು," ಎನ್ನುವಾಗ ಕಣ್ಣಲ್ಲಿ ನೀರು. ಕಾಲು ಮುರಿದ ಕುದುರೆಯನ್ನು ಅಲ್ಲೇ ಮುಗಿಸಿಬಿಡುವುದೂ ಉಂಟೆಂದು ಅವತ್ತೇ ನನಗೆ ತಿಳಿದದ್ದು.

ನಾನು ಚಹಾ ತರಿಸಿದೆ. ಅವರು ಕುಡಿಯಲಿಲ್ಲ, ಓಟವನ್ನು ಮತ್ತೆ ಮೊದಲಿನಿಂದ ಹಾಕಿದರು. ಎಲ್ಲವೂ ಹೇಳಿದ ಹಾಗೆಯೇ ಆಗಿರುವಾಗ ಇನ್ನು ಹುಡುಕುವುದೇನು ಎಂದು ಕೇಳಿದೆ. ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಓಡುವ ಮನಸ್ಸಿಲ್ಲ ಅಂತ ಹೇಳಿದೆ ಅಲ್ಲವಾ? ಕಿವಿ ನೋಡು, ಹೇಗೆ ಮುಂದೆ ಮಾಡಿದ್ದಾಳೆ. ಮನಸ್ಸಿಲ್ಲದ ಕುದುರೆ ಕಿವಿ ಹಿಂದಕ್ಕೆ ಮಡಚ್ತದೆ. ಅದು ನನ್ನ ತಪ್ಪು."

ಆಮೇಲೆ ತಣ್ಣಗಾಗಿದ್ದ ಚಹಾ ಕುಡಿದರು.

ಮಲ್ಲಿಗೆಯ ಹೆಸರು ಮತ್ತೆ ಯಾವ ಹಾಳೆಯಲ್ಲೂ ಬರಲಿಲ್ಲ. ಹಳೆಯ ಸಂಗಡಿಗರಿಗೆ ಫೋನು ಮಾಡಿದರು, ಅವರೂ ಆ ಕೆಲಸ ಬಿಟ್ಟಿದ್ದರು. ಈಗ ಎಲ್ಲಿಯಾದರೂ ಹುಲ್ಲು ತಿನ್ನುತ್ತಿರಬಹುದು ಎಂದು ನಾನೇ ಹೇಳತೊಡಗಿದೆ. ಅವರು ಹೂಂ ಎನ್ನುತ್ತಿದ್ದರು. ಮರುವರ್ಷ ರಸ್ತೆಗೆಂದು ನಮ್ಮ ಅಂಗಡಿಗಳನ್ನು ಕೆಡವಿದರು. ಅದರ ಮುಂದಿನ ಮಳೆಗಾಲದಲ್ಲಿ ಅಣ್ಣ ಎದೆನೋವಿನಿಂದ ತೀರಿಕೊಂಡರು. ಸಾವಿನ ಮನೆಯ ಅಂಗಳದಲ್ಲೂ ಯಾರೋ ಆ ಜುಗಾರಿಯ ಮಾತು ತೆಗೆದರು. ನಾನು ಅಲ್ಲೇ ಜಗಳವಾಡಿದೆ, ಅವರ ಹೆಂಡತಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಅದಕ್ಕೇ ಇಲ್ಲಿ ಅವರ ಹೆಸರು ಬರೆದಿಲ್ಲ. ಹೆಸರು ಕಂಡರೆ ನಮ್ಮೂರಿನವರ ಕಣ್ಣು ಕೆಡುತ್ತದೆ. ಪಟ್ಟಿ ಹಾಕಿ ಕೊಟ್ಟಿದ್ದೇನೆ, ಮನುಷ್ಯನನ್ನು ತೂಗಿ ನೋಡಿ.

ಮೊನ್ನೆ ಕೆಲಸದವರು ಹೋದ ಮೇಲೆ ಇಳಿಜಾರಿನ ಹತ್ತಿರ ಹೋದೆ. ಅಣ್ಣನ ಬಾಳೆಗೊನೆಗಳು ತೂಗುತ್ತಿದ್ದದ್ದು ಹೆಚ್ಚು ಕಡಿಮೆ ಅಲ್ಲಿಯೇ. ಅತ್ತಿತ್ತ ನೋಡಿ, ಕೊಡೆಯ ತುದಿಯನ್ನು ಹುಲ್ಲಿಗೆ ಚುಚ್ಚಿದೆ. ಸಲೀಸಾಗಿ ಇಳಿಯಿತು.

"ಮೆತ್ತಗೆ ಉಂಟು ಅಣ್ಣ," ಎಂದೆ.

ಲಾರಿಗಳು ಹೋಗುತ್ತಲೇ ಇದ್ದವು. ಮುಂದಿನ ಬಸ್ಸು ಬಂದಾಗ ಹತ್ತಿ ಕುಳಿತೆ.