ಬಡಿಯದ ಸುತ್ತಿಗೆ

ವಾಮನಣ್ಣ, ಆ ದಿನ ನೀವು ಸುತ್ತಿಗೆ ಬಡಿಯಲಿಲ್ಲ. ಬಡಿದಿರಿ ಎಂದು ಹೇಳಿದವನು ನಾನು. ಪತ್ರಿಕೆಯಲ್ಲಿ ಬರೆದವನೂ ನಾನೇ.

ಸಾಲ್ಟ್ ಲೇಕ್ ಬಡಾವಣೆಯ ನಿಮ್ಮ ಕಾರ್ಯಾಗಾರದಲ್ಲಿ ಹಳೆಯ ಜರ್ಮನ್ ಗಣಿಯೊಂದರ ನೀರಿನ ಚಕ್ರದ ಮಾದರಿ ಸಿದ್ಧವಾಗಿತ್ತು — ವಸ್ತುಪ್ರದರ್ಶನಕ್ಕೆಂದು ನೀವೇ ಕಟ್ಟಿದ್ದು. ಆಳೆತ್ತರದ ಮರದ ಚಕ್ರ. ಒಂದು ತೂಬು ತೆರೆದರೆ ಬಲಕ್ಕೆ ತಿರುಗಿ ಅದಿರಿನ ತೊಟ್ಟಿಯನ್ನು ಮೇಲೆತ್ತುತ್ತಿತ್ತು. ಇನ್ನೊಂದು ತೆರೆದರೆ ಎಡಕ್ಕೆ ತಿರುಗಿ ಕೆಳಗಿಳಿಸುತ್ತಿತ್ತು. ಮೇಲೆ ತೂಬಿನ ಬಳಿ ನಿಂತವನಿಗೆ ಕೆಳಗಿನದು ಕಾಣುವುದಿಲ್ಲ. ಆದ್ದರಿಂದ ಕೆಳಗಿದ್ದವನು ಸುತ್ತಿಗೆ ಬಡಿದು ಸಂಕೇತ ಕೊಟ್ಟ ಮೇಲೆಯೇ ನೀರು ಬಿಡಬೇಕು. ಗಣಿಯವರ ಆ ಕಟ್ಟಳೆಯನ್ನೂ ನೀವು ಉಳಿಸಿಕೊಂಡಿದ್ದಿರಿ.

ನಾನು ವರದಿಗೆ ಬಂದಿದ್ದೆ. ನನ್ನನ್ನು ತೂಬಿನ ಬಳಿ ನಿಲ್ಲಿಸಿ, ಸರಪಳಿ ಸರಿಮಾಡಲು ನೀವು ಕೆಳಗಿಳಿದಿರಿ. ಸಂಜೆಯ ಬೆಳಕು ಇಳಿಯುತ್ತಿತ್ತು. "ದಾದಾ, ಜಲ್ದಿ! ಲೈಟ್ ಜಾ ರಹಾ ಹೈ!" ಎಂದ ನಮ್ಮ ಛಾಯಾಗ್ರಾಹಕ. ನಾನು ಕಾಯಲಿಲ್ಲ. ತೂಬಿನ ಹಲಗೆ ಎತ್ತಿದೆ. ಚಕ್ರ ಅರ್ಧ ಸುತ್ತು — ಅಷ್ಟೂ ಇಲ್ಲ — ನಿಮ್ಮ ಕೂಗು ಕೇಳಿಸಿತು.

ಆಸ್ಪತ್ರೆಯಲ್ಲಿ, ಬೆರಳುಗಳು ಹೋದ ಬಲಗೈಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ ನೀವು ಕೇಳಿದ್ದು ಒಂದೇ: "ನಾನು ಬಡಿದಿದ್ದೆನಾ ಮಾರಾಯ? ಎಂತದ್ದೂ ನೆನಪಾಗುವುದಿಲ್ಲ."

"ಬಡಿದಿರಿ ಅಣ್ಣ. ನನಗೆ ಕೇಳಿಸಿತು."

ಮರುದಿನದ ವರದಿಯಲ್ಲಿ: ಸಂಕೇತ ಕೊಟ್ಟ ಬಳಿಕವೂ ಕೈ ಹಿಂತೆಗೆಯದ ಕಾರಣ ಅವಘಡ. ಕೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸದೆ ಅಚ್ಚಿಗೆ ಕಳಿಸದವನು ಎಂದು ನನಗೆ ಹೆಸರಿತ್ತು — ಆ ವಾಕ್ಯವನ್ನು ಯಾರೂ ವಿಚಾರಿಸಲಿಲ್ಲ. ನಿಮ್ಮನ್ನು ಕಾರ್ಯಾಗಾರದಿಂದ ಕಡತಗಳ ಕೋಣೆಗೆ ಹಾಕಿದರು. ನೀವು ತಕರಾರು ಮಾಡಲಿಲ್ಲ. ಅದನ್ನೂ ನೋಡಿಕೊಂಡು ಸುಮ್ಮನಿದ್ದೆ, ಇಷ್ಟು ವರ್ಷ.

ಮೊನ್ನೆ ಗರಿಯಾಹಾಟಿನ ಪೇಟೆಯಲ್ಲಿ ನಾವೆಲ್ಲ ರಸ್ತೆ ದಾಟಬೇಕಿತ್ತು. ನಿಮ್ಮ ಮಗಳು ಅನಿತಾಳ ಎರಡೂ ಕೈಯಲ್ಲಿ ಚೀಲ. "ಪಪ್ಪಾ, ಮಿನೀದು ಕೈ ಹಿಡೀರಿ ನಾ, ಪ್ಲೀಸ್," ಎಂದು ತನ್ನ ಮಗುವನ್ನು ನಿಮ್ಮತ್ತ ಕಳಿಸಿದಳು. ನೀವು ಸರಿಯಿದ್ದ ಎಡಗೈಯನ್ನೂ ಬೆನ್ನ ಹಿಂದೆ ಸರಿಸಿ ನಕ್ಕಿರಿ.

"ನನ್ನತ್ರ ಮಗು ಕೊಡಬೇಡ ಮಾರಾಯ್ತಿ. ತಾನೇ ಬಡಿದು ತಾನೇ ಕೈ ಇಟ್ಟವ ನಾನು. ನನ್ನ ತಲೆಯನ್ನು ನಾನೇ ನಂಬುವುದಿಲ್ಲ."

ಅವಳೂ ನಕ್ಕಳು, ದಿನಾ ಕೇಳಿದ ಮಾತಿಗೆ ನಗುವ ಹಾಗೆ. ಮಿನಿಯ ಕೈಯನ್ನು ನಾನು ಹಿಡಿದೆ. ನನ್ನನ್ನು ನಂಬಿ ಅವಳು ದಾಟಿದಳು.

ನಾಳೆ ಈ ಪತ್ರವನ್ನು ಹಿಡಿದು ನಿಮ್ಮ ಮನೆಗೆ ಬರುತ್ತೇನೆ. ಅನಿತಾ ಕೆಲಸ ಮುಗಿಸಿ ಬಂದಿರುವ ಹೊತ್ತಿಗೇ ಬರುತ್ತೇನೆ. ನೀವೊಬ್ಬರೇ ಇದ್ದರೆ — ಚಹಾ ಕೊಟ್ಟು, ಕ್ಷಮಿಸಿ ಕಳಿಸಿಬಿಡುತ್ತೀರಿ.