ಸೋಮವಾರದ ಆಟೋ

ಆಟೋದಣ್ಣನ ಖಾಕಿ ಅಂಗಿಯ ಎಡ ಹೆಗಲು ಬಲ ಹೆಗಲಿಗಿಂತ ಮೊದಲೇ ಸವೆದು ಹಿಂಜಿರುತ್ತಿತ್ತು. ಹತ್ತುವಾಗ, ಇಳಿಯುವಾಗ ಮುದುಕಿಯರೆಲ್ಲ ಹಿಡಿಯುತ್ತಿದ್ದುದು ಅದೇ ಹೆಗಲನ್ನು. ಹರಳೆಣ್ಣೆ, ವಿಭೂತಿ, ಎಲೆಗೆ ಹಚ್ಚುವ ಸುಣ್ಣ, ಎಲ್ಲದರ ಗುರುತೂ ಅಲ್ಲಿತ್ತು. ತೇಪೆ ಹಾಕಿ ಹಾಕಿ ಸಾಕಾದ ಅವರ ಹೆಂಡತಿ, ಹೊಸ ಅಂಗಿ ಹೊಲಿಸುವಾಗಲೇ ಆ ಹೆಗಲಿಗೆ ಎರಡು ಪದರ ಬಟ್ಟೆ ಕೊಡಿಸುತ್ತಿದ್ದರಂತೆ.

ಪುರವರದಿಂದ ಮಧುಗಿರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಬಸ್ಸಿನ ಮೆಟ್ಟಿಲು ಏರಲಾಗದ ವಯಸ್ಸಾದವರಿಗೆ ಆಸ್ಪತ್ರೆಗಾಗಲಿ, ಪಿಂಚಣಿಗೆ ಹೆಬ್ಬೆಟ್ಟು ಒತ್ತಲಾಗಲಿ ಈ ಆಟೋದಣ್ಣನೇ ಗತಿ. ಫೋನು ಮಾಡಲು ಬಾರದವರಿಗೆಂದು ಅವರೊಂದು ಉಪಾಯ ಹೇಳಿಕೊಟ್ಟಿದ್ದರು. ಹೋಗಬೇಕಾದ ದಿನ ಬೆಳಿಗ್ಗೆ ಮನೆಯ ಮುಂದೆ ಒಂದು ಗಿಡ್ಡ ಸ್ಟೂಲು ಇಟ್ಟರೆ ಸಾಕು, ಆಟೋ ನಿಲ್ಲುತ್ತಿತ್ತು. ಹತ್ತಲು ಮೆಟ್ಟಿಲೂ ಅದೇ. ವಯಸ್ಸಿನ ಹುಡುಗರು ಕೈ ಅಡ್ಡ ಹಾಕಿದರೆ, "ನಿಂಗೆ ಕಾಲ್ ಗಟ್ಟಿಗವೆ, ಬಸ್ಸಿಗೋಗ್ಲಾ" ಎಂದು ಗದರಿ ಮುಂದೆ ಹೋಗುತ್ತಿದ್ದರು.

ಅರ್ಧ ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ಪ್ರತಿಸಲವೂ ನಿಲ್ಲಿಸಿ, "ಯಾಕೋ ಟೀ ಕುಡ್ದೇ ಹೋಗಾನ ಅನ್ಸ್ತೈತೆ" ಎನ್ನುತ್ತಿದ್ದರು. ಅವರು ಟೀ ಮುಟ್ಟುವವರೇ ಅಲ್ಲವೆಂದು ನನಗೆ ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಆ ಹೋಟೆಲಿನ ಹಿಂದೆ ಮೆಟ್ಟಿಲಿಲ್ಲದ ಶೌಚಾಲಯವಿತ್ತು. ಹೆಂಗಸರು ಬಾಯಿಬಿಟ್ಟು ಕೇಳುವ ಸಂಕೋಚ ತಪ್ಪಲೆಂದು ಈ ನಾಟಕ.

ನಮ್ಮವ್ವ ಪ್ರತಿ ಸೋಮವಾರ ಸ್ಟೂಲು ಇಡುತ್ತಿದ್ದಳು. ಒಂದು ದಿನ ಅವಳ ಆಸ್ಪತ್ರೆಯ ಚೀಟಿಗಳನ್ನು ತೆಗೆದು ನೋಡಿದೆ. ಬಿಪಿ ಬಿಟ್ಟು ಬೇರೇನೂ ಇರಲಿಲ್ಲ, ಅದೂ ಚೆನ್ನಾಗಿಯೇ ಇತ್ತು. ನನ್ನದು ಮೇಷ್ಟ್ರ ಬುದ್ಧಿ, ತಪ್ಪು ಕಂಡರೆ ಸುಮ್ಮನಿರಲಾರದು. ಮಾರನೆಯ ವಾರ ಆಟೋ ತಡೆದು ನಿಲ್ಲಿಸಿ, "ಏನೂ ಇಲ್ಲದವರನ್ನ ಆಸ್ಪತ್ರೆಗೆ ಯಾಕೆ ಅಲೆಸ್ತೀರಿ?" ಎಂದು ಬೀದಿಯಲ್ಲೇ ಕೂಗಾಡಿದೆ.

ಅವರು ಸಿಟ್ಟಾಗಲಿಲ್ಲ. "ನೀವು ದಿನಾ ಇಸ್ಕೂಲಿಗೆ ಹೋಯ್ತೀರ ಮೇಷ್ಟ್ರೇ. ಅವ್ವ ಎಲ್ಲಿಗ್ ಹೋಗ್ಬೇಕು, ಹೇಳಿ?" ಎಂದರು.

ನಾನು ಸ್ಟೂಲನ್ನು ಎತ್ತಿ ಅಟ್ಟಕ್ಕೆ ಎಸೆದೆ.

ಅವ್ವ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ತಲೆ ಬಾಚುವುದು ಬಿಟ್ಟಳು. ಹಗಲೆಲ್ಲ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯತೊಡಗಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಪಾಡು. ಆದರೂ ಹೋಗಿ ಬಾ ಎನ್ನಲು ನಾಲಿಗೆ ಏಳಲಿಲ್ಲ.

ನಾಲ್ಕನೆಯ ಸೋಮವಾರ, ನಾನು ಶಾಲೆಗೆ ಹೊರಡುವ ಹೊತ್ತಿಗೆ ಆಟೋ ತಾನಾಗಿಯೇ ನಿಂತಿತು. ಒಳಗೆ ಪುರವರದ ಅಜ್ಜಿಯೊಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದರು. ಆಟೋದಣ್ಣ ನನ್ನನ್ನು ದಾಟಿಕೊಂಡು ನೇರ ನಡುಮನೆಗೇ ಬಂದರು.

"ಅವ್ವಾ, ಆವಮ್ಮುಂಗೆ ಇವತ್ತು ಕಣ್ಣಾಪರೇಸನ್ನು. ನೀನ್ ಬಂದ್ರೇನೇ ಒಳಿಕ್ಕೋಗದು ಅಂತ ಹಟ ಮಾಡ್ಕಂಡು ಕುಂತೈತೆ."

ಅವ್ವ ಎದ್ದು ಕುಳಿತಳು. "ಅಯ್ಯೋ, ಮೊದ್ಲೇ ಪುಕ್ಲಿ ಅವ್ಳು! ತಡಿಯಪ್ಪಾ, ಸೀರೆ ಉಟ್ಕಂಡ್ ಬಂದ್ಬುಟ್ಟೆ" ಎಂದು ಬಾಚಣಿಗೆ ಹುಡುಕಿದಳು.

ಆಗ ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಹೆದ್ರಿಕೊಂಡವ್ರ ಕೈ ಹಿಡ್ಕಂಡು ಕೂರೋದು ಅವ್ವನೇ ಮೇಷ್ಟ್ರೇ. ಹೆಂಗಸ್ರ ವಾರ್ಡಿಗೆ ನಾನು ಹೋಗಕಾಯ್ತದಾ?"

ಇಷ್ಟು ವರ್ಷ ಅವಳು ರೋಗಿಯಾಗಿ ಹೋಗುತ್ತಿದ್ದಾಳೆ ಎಂದುಕೊಂಡಿದ್ದೆ. ಒಂದು ದಿನವೂ ಅವಳನ್ನು ಕೇಳಿರಲಿಲ್ಲ. ನಾಚಿಕೆಯಿಂದ ಅಟ್ಟ ಹತ್ತಿ ಸ್ಟೂಲು ಇಳಿಸಿಕೊಟ್ಟೆ. ಅವರು ಏನೂ ಆಗಿಲ್ಲವೆಂಬಂತೆ ಇಸಿದುಕೊಂಡು ಧೂಳು ಕೊಡವಿದರು.

ಹೋದ ವರ್ಷ ಒಂದು ಬೆಳಿಗ್ಗೆ ಆಟೋ ತೊಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರಂತೆ. ಅಷ್ಟೇ. ಸುದ್ದಿ ಬಂದಾಗ ಅವ್ವ ಬಾಗಿಲಲ್ಲಿ ನಿಂತು, "ಅವ್ನ ಮಖ ನೋಡ್ಬೇಕು ಕಣ್ಲಾ. ಹೆಂಗ್ ಹೋಗದು?" ಎಂದಳು. ಅವರ ಹಳ್ಳಿ ಪುರವರದ ಆಚೆ. ಸ್ಕೂಟರಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೊರಟರೆ ದಾರಿಯುದ್ದಕ್ಕೂ ಮನೆ ಮನೆ ಮುಂದೆ ಅವರ ಆಟೋ ಹತ್ತುತ್ತಿದ್ದ ಅಜ್ಜ ಅಜ್ಜಿಯರು ನಿಂತಿದ್ದರು. ಅವರನ್ನೆಲ್ಲ ಕರೆದೊಯ್ಯುತ್ತಿದ್ದವರೇ ಅಲ್ಲಿ ಮಲಗಿದ್ದರು. ಅವ್ವನನ್ನು ಬಿಟ್ಟು ಮತ್ತೆ ಬಂದೆ, ಮತ್ತೆ ಬಂದೆ. ಹೀಗೆ ಮಧ್ಯಾಹ್ನದವರೆಗೆ ಒಬ್ಬೊಬ್ಬರನ್ನೇ ಸಾಗಿಸಿದೆ.

ಕೊನೆಗೆ ಉಳಿದವರು ಆ ಕಣ್ಣಾಪರೇಷನ್ನಿನ ಅಜ್ಜಿ. ಅಷ್ಟರಲ್ಲಿ ದೇಹ ಎತ್ತಿಬಿಡುತ್ತಾರೇನೋ ಎಂದು ನಾನು ಸ್ಕೂಟರ್ ಜೋರಾಗಿ ಓಡಿಸುತ್ತಿದ್ದರೆ ಹಿಂದಿನಿಂದ ಅಜ್ಜಿ ಬೆನ್ನು ತಟ್ಟಿ, "ನಿಧಾನುಕ್ ಹೋಗಪ್ಪಾ. ನಮ್ಮುನ್ನ ಬುಟ್ಟು ಅವ್ನು ಯಾವತ್ತೂ ಹೊಂಟೋನಲ್ಲ" ಎಂದರು.

ಆಟೋದಣ್ಣನ ಮನೆಯವರು ಇನ್ನೂ ಎತ್ತಿರಲಿಲ್ಲ. ಅಜ್ಜಿ ಬರಲೆಂದೇ ಕಾಯುತ್ತಿದ್ದರು.